ಸಿರಿಯ ಬಲೆ, ಬಾಲರಾಜುವಿನ ಹರಕೆ

ಮಾದಪ್ಪನ ದಯೆಯಿಂದ ನಮ್ಮೂರಿನಲ್ಲಿ ನಿದ್ದೆಗೆ ಯಾವತ್ತೂ ಬರ ಬಂದಿಲ್ಲ. ಮುದ್ದೆ ಹೊಟ್ಟೆಗೆ ಬಿದ್ದು ಡೈರಿಯ ದೀಪ ಆರಿತೆಂದರೆ, ಸಾತನೂರಿನಿಂದ ಕೊನೆಯ ಬಸ್ಸು ಬಂದು ತಿರುಗಿಸಿಕೊಂಡು ಹೋದದ್ದೂ ಯಾರಿಗೂ ತಿಳಿಯುವುದಿಲ್ಲ. ಈ ಸುಖದಿಂದ ಹೊರಗುಳಿದವನು ರೇಷ್ಮೆ ಬೆಳೆಯುವ ಬಾಲರಾಜು ಒಬ್ಬನೇ. ಚಳಿಗಾಲ ಶುರುವಾದ ಮೇಲೆ ಅವನು ನಿಂತಲ್ಲೇ ಆಕಳಿಸುತ್ತಿದ್ದ. ಡೈರಿಯಲ್ಲಿ ಹಾಲು ಅಳೆಸುವಾಗ ಆಕಳಿಸಿ, ಹಿಂದಿನವರಿಗೆಲ್ಲ ಆಕಳಿಕೆ ಹಚ್ಚಿ, ಸಾಲನ್ನೇ ತಡ ಮಾಡುತ್ತಿದ್ದ.

ಕಾರಣ ಅವನ ಮಗಳು ಸಿರಿ. ಎರಡು ತುಂಬಿ ಮೂರಕ್ಕೆ ನಡೆಯುತ್ತಿರುವ ಕೂಸು. ಹಗಲೆಲ್ಲ ದೇವರಂತೆ ಇರುತ್ತಿದ್ದಳು. ರಾತ್ರಿ ಮಾತ್ರ ಅವಳಿಗೆ ಒಂದು ಹಟ. ತನ್ನ ಮೈಮೇಲೆ ತನ್ನ ಬಲೆ ಇರಬೇಕು, ಬಲೆಯ ಹೊರತು ಇನ್ನೇನೂ ಇರಬಾರದು.

ಬಲೆ ಎಂದರೆ ರೇಷ್ಮೆ ಹುಳದ ಬಲೆ. ಹುಳದ ತಟ್ಟೆ ಶುಚಿ ಮಾಡುವಾಗ ಮೇಲೆ ಹರಡಿ ಹೊಸ ಹಿಪ್ಪುನೇರಳೆ ಸೊಪ್ಪು ಹಾಕುತ್ತೇವಲ್ಲ, ಹುಳಗಳು ತೂತಿನಲ್ಲಿ ನುಸುಳಿ ಮೇಲೆ ಬರುತ್ತವಲ್ಲ, ಆ ನೀಲಿ ನೈಲಾನ್ ಬಲೆ. ಸಿರಿ ಹುಟ್ಟಿದಾಗ ನೊಣ ಕೂರದಿರಲೆಂದು ಬಾಲರಾಜುವೇ ಒಂದು ತುಂಡು ಕತ್ತರಿಸಿ ತೊಟ್ಟಿಲ ಮೇಲೆ ಹಾಕಿದ್ದ. ಕೂಸು ಕಣ್ಣು ಬಿಟ್ಟು ನೋಡಿದ ಮೊದಲ ಆಕಾಶ ಅದು. ತೊಟ್ಟಿಲು ಅಟ್ಟ ಸೇರಿತು, ಬಲೆ ಕೂಸಿನ ಕೈ ಸೇರಿತು. ಬಟ್ಟೆಗಿಂತ ತೂತೇ ಜಾಸ್ತಿ ಇರುವುದನ್ನು ಹೊದಿಕೆ ಎನ್ನಬಹುದೋ ಇಲ್ಲವೋ, ತಿಳಿದವರು ತೀರ್ಮಾನಿಸಲಿ. ಸಿರಿಯ ಮಟ್ಟಿಗೆ ತೀರ್ಮಾನ ಆಗಿಹೋಗಿತ್ತು.

ದುಪ್ಪಟಿ ಹೊದಿಸಿದರೆ ಒದೆಯುತ್ತಿದ್ದಳು. ಸ್ವೆಟರ್ ಹಾಕಿದರೆ ಕೈ ಎರಡೂ ಮೇಲೆತ್ತಿ ಊರು ಎದ್ದು ಕೂರುವ ಹಾಗೆ ಅಳುತ್ತಿದ್ದಳು. ಉಣ್ಣೆ ಟೋಪಿಯನ್ನು ಬೆಳಗಾಗುವಷ್ಟರಲ್ಲಿ ನಾಯಿಯ ತಲೆಗೆ ಹಾಕಿದ್ದಳು. ಹುಳದ ಮನೆ ಬೆಚ್ಚಗಿರುತ್ತದಲ್ಲ ಎಂದು ಒಂದು ಸಲ ಅಲ್ಲೇ ಮಲಗಿಸಿ ನೋಡಿದ್ದೂ ಆಯಿತು. ಕೂಸು ಒಂದು ಹಿಡಿ ಹುಳವನ್ನು ಎತ್ತಿ ತನ್ನ ಬಲೆಯೊಳಗೆ ಹಾಕಿಕೊಂಡು "ಜೋ ಜೋ" ಎನ್ನುತ್ತಿದ್ದದ್ದನ್ನು ಕಂಡ ಹೆಂಡತಿ ಭಾನುಪ್ರಿಯ ಆ ದಾರಿಯನ್ನೂ ಮುಚ್ಚಿದಳು. ಹೀಗಾಗಿ ಬಾಲರಾಜು ಆ ಕಡೆ ಎದ್ದು ಹೋಗಿ ಹುಳದ ಮನೆಯ ಒಲೆಗೆ ಇದ್ದಿಲು ಹಾಕುವುದು, ಈ ಕಡೆ ಬಂದು ಕೂಸಿಗೆ ದುಪ್ಪಟಿ ಎಳೆಯುವುದು. ಹುಳಗಳು ಮಾತು ಕೇಳುತ್ತಿದ್ದವು.

ಇಷ್ಟು ಅವರ ಮನೆಯ ಪಾಡಿಗೆ ನಡೆದುಕೊಂಡು ಹೋಗುತ್ತಿತ್ತೇನೋ. ಒಂದು ಸಂಜೆ ಸೋಲೂರಿನಿಂದ ಮಾವ ಬೋರಲಿಂಗಯ್ಯನವರ ಫೋನು ಬಂತು. ಬಾಲರಾಜು ಸ್ಪೀಕರಿಗೆ ಹಾಕಿದ. ಅದೇ ಹೊತ್ತಿಗೆ ಸಿರಿ ಕೆಮ್ಮಿದಳು.

"ಅದ್ಯಾರು ಅಳಿಯಂದ್ರೆ ಕೆಮ್ಮಿದ್ದು?"

"ಯಾರೂ ಇಲ್ಲ ಮಾವ. ಎಮ್ಮೆ."

"ಎಮ್ಮೆ 'ತಾತ' ಅಂತಾ ಐತಲ್ಲ?"

ಸಿರಿ ಫೋನಿನ ಹತ್ತಿರ ಬಂದು ಇನ್ನೂ ಎರಡು ಸಲ ಕೆಮ್ಮಿ ತಾತನಿಗೆ ಕೇಳಿಸಿದಳು. ಬೋರಲಿಂಗಯ್ಯ ಹೇಳಿದರು: "ನೋಡಿ ಅಳಿಯಂದ್ರೆ, ತಪ್ ತಿಳ್ಕಬ್ಯಾಡಿ. ನಿಮ್ಮನೇಲಿ ಹುಳಕ್ಕೆ ಕಾವು ಐತೆ, ಮಗೀಗೆ ಇಲ್ಲ. ನಮ್ಮನೇಲಿ ಹೀಟ್ರು ಐತೆ, ಬಿಸ್ನೀರು ಐತೆ. ಶಿವರಾತ್ರಿ ಕಳಿಯೋಗಂಟ ಸಿರೀನ ಇಲ್ಲಿಗೆ ಕಳಿಸ್ಬುಡಿ."

ಬಾಲರಾಜುವಿಗೆ ಗಾಬರಿಯಾಯಿತು. ಸಿರಿ ಇದ್ದರೆ ಅವನಿಗೆ ನಿದ್ದೆ ಇಲ್ಲ, ನಿಜ. ಆದರೆ ಸಿರಿ ಇಲ್ಲದ ಮನೆ, ರೇಷ್ಮೆಗೂಡು ಮಾರಿ ಬಂದ ದಿನದ ಹುಳದ ಮನೆಯ ಹಾಗೆ. ತಟ್ಟೆಗಳೆಲ್ಲ ಇರುತ್ತವೆ, ಹುಳ ಸೊಪ್ಪು ಮೇಯುವ ಸರಸರ ಸದ್ದು ಮಾತ್ರ ಇರುವುದಿಲ್ಲ. ಆ ಗಾಬರಿಯಲ್ಲಿ ಅವನ ಬಾಯಿಂದ ಒಂದು ಮಾತು ಬಂದುಬಿಟ್ಟಿತು.

"ಅಯ್ಯೋ, ನಮ್ಮನೇಲಿ ಹತ್ತು ಕಂಬ್ಳಿ ಅವೆ ಮಾವ! ಒಳ್ಳೇ ಕುರಿ ಉಣ್ಣೇವು. ಮಗ ಅದ್ರೊಳಗೆ ಬೆವರ್ತದೆ."

"ಹತ್ತು ಕಂಬ್ಳಿನಾ?"

"ಹತ್ತು."

"ಹಂಗಾರೆ ಸರಿ. ಸೋಮವಾರ ಬತ್ತೀನಿ. ಮಗ ಹೆಂಗ್ ಮಲೀಕತದೆ ಅಂತ ಒಂದು ರಾತ್ರಿ ಇದ್ದು ಕಣ್ಣಾರೆ ನೋಡ್ತೀನಿ. ಚೆಂದಾಗಿ ಮಲೀಕಂಡ್ರೆ ನಾನೊಬ್ನೇ ವಾಪಸ್ ಹೊಯ್ತೀನಿ. ಇಲ್ದಿದ್ರೆ ಇಬ್ರು."

ಫೋನು ಇಟ್ಟ ಮೇಲೆ ಭಾನುಪ್ರಿಯ ಗಂಡನ ಮುಖ ನೋಡಿದಳು. "ಹತ್ತು ಕಂಬ್ಳಿ ಎಲ್ಲಿ ಅವೆ ಕಣ್ರೀ?"

ಇದ್ದದ್ದು ಒಂದೇ. ಅದೂ ಹುಳದ ಮನೆಯ ಕಿಟಕಿಗೆ ಗಾಳಿ ಬಾರದಂತೆ ಮೊಳೆ ಹೊಡೆಸಿಕೊಂಡು ನಿಂತಿತ್ತು.

ಸೋಮವಾರ ಬೆಳಕು ಹರಿಯುವ ಮೊದಲೇ ಬಾಲರಾಜು ಕಂಬಳಿ ಸಾಲ ಕೇಳಲು ಹೊರಟ. ಹೊರಟವನ ಸ್ವರೂಪವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹುಳ ಸಾಕುವವರು ಮೆಟ್ಟು ಹಾಕಿಕೊಂಡು ಓಡಾಡಿದರೆ ಹುಳಗಳಿಗೆ ರೋಗ ಅಂಟುತ್ತದೆಂದು ಅವನು ಬರಿಗಾಲಲ್ಲಿದ್ದ. ರಾತ್ರಿಯೆಲ್ಲ ಒಲೆ ಊದಿ, ಬೂದಿ ಕೈಯಿಂದಲೇ ಹಣೆ ಒರೆಸಿಕೊಂಡಿದ್ದರಿಂದ ಹಣೆಯ ತುಂಬ ಬೆಳ್ಳಗೆ ಮೂರು ಬೆರಳಿನ ಗುರುತಿತ್ತು. ಗಡ್ಡ ಕೆರೆಯಲು ಪುರಸೊತ್ತಾಗಿರಲಿಲ್ಲ. ನಿದ್ದೆಗೆಟ್ಟ ಕಣ್ಣು ಕೆಂಪಗೆ, ಅರೆ ಮುಚ್ಚಿ, ಎಲ್ಲೋ ದೂರ ನೋಡುವಂತಿತ್ತು. ದೊಡ್ಡ ದೊಡ್ಡ ಸಾಧುಗಳು ವರ್ಷಗಟ್ಟಲೆ ಕೂತು ಸಂಪಾದಿಸುವ ಮುಖವನ್ನು ಸಿರಿ ತನ್ನ ಅಪ್ಪನಿಗೆ ಒಂದೇ ಚಳಿಗಾಲದಲ್ಲಿ ಕೊಟ್ಟಿದ್ದಳು.

ಮೊದಲ ಮನೆ ಕೆಂಚಮ್ಮನದು. ಎಂಬತ್ತರ ಮುದುಕಿ, ಬಾಯಿ ಇಪ್ಪತ್ತರದು. ಬಾಲರಾಜುವನ್ನು ಕಂಡರೆ "ಸೊಪ್ಪಿಲ್ಲದ ಕಡ್ಡಿ" ಎಂದೇ ಮಾತಾಡಿಸುವವಳು. ಅವಳ ಬಾಗಿಲಲ್ಲಿ ನಿಂತವನಿಗೆ ಕಂಬಳಿ ಕೊಡಿ ಎನ್ನಲು ನಾಚಿಕೆಯಾಯಿತು. ಹೆಗಲ ಟವೆಲನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ಅದರ ಅಂಚು ತಿರುಚುತ್ತ, ತಲೆ ತಗ್ಗಿಸಿ ಸುಮ್ಮನೆ ನಿಂತ.

ನಮ್ಮೂರಿನಲ್ಲಿ ಸೋಮವಾರ ಬೆಳಗ್ಗೆ ಹೀಗೆ ನಿಲ್ಲುವವರು ಯಾರೆಂದು ಕೂಸಿಗೂ ಗೊತ್ತು. ಮಾದಪ್ಪನಿಗೆ ಹರಕೆ ಹೊತ್ತವನು ಬರಿಗಾಲಲ್ಲಿ, ಹಣೆಗೆ ಬೂದಿ ಬಳಿದು, ವಸ್ತ್ರ ಮುಂದೆ ಹಿಡಿದು, ಮಾತಿಲ್ಲದೆ ಬಾಗಿಲಲ್ಲಿ ನಿಲ್ಲುತ್ತಾನೆ. ಅವನು ಬಾಯಿಬಿಟ್ಟು ಕೇಳುವಂತೆ ಮಾಡಿದರೆ ಆ ಮನೆಗೆ ದೋಷ. ಶಿವರಾತ್ರಿಯವರೆಗೆ ಹಾಗೆಯೇ ಇದ್ದು, ಆಮೇಲೆ ಗುಂಪಿನ ಜೊತೆ ಸಂಗಮದ ಹೊಳೆ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆಯುತ್ತಾನೆ. ಇದೆಲ್ಲ ಬಾಲರಾಜುವಿಗೂ ಗೊತ್ತಿತ್ತು. ಆದರೆ ತಾನು ಹಾಗೆ ನಿಂತಿದ್ದೇನೆಂದು ಗೊತ್ತಿರಲಿಲ್ಲ.

"ಯಾರ್ಲಾ ಅದು, ಬಾಲನಾ? ಹೊತ್ ಮುಂಚೇನೇ ಬಂದ್ಬುಟ್ಯಾ ಸೊಪ್ಪಿಲ್..." ಎಂದ ಕೆಂಚಮ್ಮನ ಮಾತು ಅರ್ಧಕ್ಕೇ ನಿಂತಿತು. ಕಾಲು ನೋಡಿದಳು. ಹಣೆ ನೋಡಿದಳು. ಟವೆಲು ನೋಡಿದಳು. "ಅಯ್ಯೋ ನನ್ನಪ್ಪ ಮಾದೇವ!" ಎಂದು ಒಳಗೆ ಓಡಿ, ಮೊರದ ತುಂಬ ರಾಗಿ ತಂದು ಟವೆಲಿಗೆ ಸುರಿದಳು.

"ಯಾರಿಗೋಸ್ಕರ ಮಗ?"

"ಮಗೀಗೆ ಕಣವ್ವ... ರಾತ್ರಿ ಹೊತ್ತು..."

"ಸಾಕು, ಸಾಕು! ಬಾಯ್ ಬುಟ್ಟು ಹೇಳ್ಬಾರ್ದು," ಎಂದವಳೇ ಸೊಂಟ ಹಿಡಿದುಕೊಂಡು ಬಗ್ಗಿ ಅವನ ಕಾಲು ಮುಟ್ಟಿದಳು.

ತಾನು ಬಂದದ್ದು ಕಂಬಳಿಗೆ ಎಂದು ಬಾಲರಾಜು ಅಲ್ಲೇ ಹೇಳಬಹುದಿತ್ತು. ಆದರೆ ಕೆಂಚಮ್ಮ ಕಾಲಿಗೆ ಬಿದ್ದಿದ್ದಾಳೆ! ಇಷ್ಟು ವರ್ಷದಲ್ಲಿ ಅವಳು ಅವನ ಕಡೆಗೆ ಬಗ್ಗಿದ್ದು ಕಲ್ಲು ಎತ್ತಿಕೊಳ್ಳಲು ಮಾತ್ರ. ಅವನ ಕಾಲು ತಾನಾಗಿಯೇ ಒಂದಿಷ್ಟು ಮುಂದೆ ಬಂತು. ಕೈಯೂ ಸುಮ್ಮನಿರದೆ ಮೇಲೆದ್ದು ಆಶೀರ್ವಾದ ಮಾಡಿಬಿಟ್ಟಿತು.

ಮುಂದಿನ ಮನೆ ಕುರಿ ಸಾಕುವ ಚಿಕ್ಕಬೀರಯ್ಯನದು. ಅಲ್ಲಿ ಕಂಬಳಿ ಇದ್ದೇ ಇರುತ್ತದೆ. ಬಾಲರಾಜು ರಾಗಿಯ ಗಂಟು ಹಿಡಿದು ನಿಂತ. ಚಿಕ್ಕಬೀರಯ್ಯ ಕೊಟ್ಟಿಗೆಯಿಂದಲೇ ನೋಡಿ, ಕೈ ತೊಳೆದು ಬಂದು, ಕೇಳದೆಯೇ ಹೊಸ ಕಂಬಳಿಯೊಂದನ್ನು ತಂದು ಹೆಗಲ ಮೇಲಿಟ್ಟ. ಬಾಲರಾಜುವಿಗೆ ಆನಂದದಿಂದ ಕಣ್ಣೀರು ಬಂತು. ಬಾಯಿ ತೆಗೆಯದೆ ನಿಂತರೆ ಕಂಬಳಿ ಸಿಗುತ್ತದೆಂದು ಮೊದಲೇ ಗೊತ್ತಿದ್ದರೆ!

"ಬೀರಣ್ಣ, ಹಿಂಗೇ ಇನ್ನೂ ಒಂದೆರಡು ಇದ್ರೆ... ಹೊದ್ಕಳಕ್ಕೆ..."

ಚಿಕ್ಕಬೀರಯ್ಯನ ಮುಖ ಗಂಭೀರವಾಯಿತು. "ಹೊದ್ಕಳಕ್ಕಾ? ಏನ್ಲಾ ಬಾಲ, ನೇಮ ಗೊತ್ತಿಲ್ವಾ? ಹರಕೆ ಹೊತ್ತೋನು ಮಂಚ ಹತ್ತಂಗಿಲ್ಲ. ನೆಲದ್ ಮ್ಯಾಲೆ ಕಂಬ್ಳಿ ಹಾಸ್ಕಬೇಕು. ಮ್ಯಾಲಕ್ಕೆ ಏನೂ ಹೊದಿಯಂಗಿಲ್ಲ. ಹಿಂಗಿದ್ರೇನೇ ಮಾದಪ್ಪ ಮೆಚ್ಚದು."

ಬಾಲರಾಜುವಿಗೆ ಆಗ ಅರ್ಥವಾಯಿತು, ತಾನು ಏನಾಗಿ ಹೋಗಿದ್ದೇನೆಂದು. ರಾಗಿ, ಕಂಬಳಿ ಎರಡನ್ನೂ ಹೊತ್ತು ನೇರವಾಗಿ ಮಾದಪ್ಪನ ಗುಡಿಗೆ ಓಡಿದ. ಅಲ್ಲಿ ಮುನಿಶಾಮಯ್ಯ ಇದ್ದ. ಪ್ರತಿ ಶಿವರಾತ್ರಿಗೂ ಊರಿನ ಗುಂಪನ್ನು ಬೆಟ್ಟಕ್ಕೆ ನಡೆಸಿಕೊಂಡು ಹೋಗುವ ಹಿರಿಯ. ಹರಕೆಯ ಲೆಕ್ಕಾಚಾರವೆಲ್ಲ ಅವನದೇ.

"ಅಣ್ಣ, ಒಂದು ಎಡವಟ್ಟಾಗೋಗೈತೆ. ನಾನು ಹರಕೆ ಹೊತ್ತಿಲ್ಲ."

ಮುನಿಶಾಮಯ್ಯ ನಕ್ಕು ಅವನ ಬೆನ್ನು ತಟ್ಟಿದ. "ಇದು ಮಾತು! 'ನಾನು ಹೊತ್ತೆ' ಅನ್ನೋದು ಅಹಂಕಾರ ಕಣ್ಲಾ. 'ಅವನು ಹೊರ್ಸ್ದ' ಅನ್ಬೇಕು."

"ಹಂಗಲ್ಲಣ್ಣ. ದಿಟವಾಗ್ಲೂ ಹೊತ್ತಿಲ್ಲ. ಮಾದಪ್ಪನಾಣೆ."

"ಆಹಾ, ಅವನ ಮೇಲೇ ಆಣೆ! ಎಂಥ ಸಲಿಗೆ ನೋಡು." ಮುನಿಶಾಮಯ್ಯನ ಕಣ್ಣು ಒದ್ದೆಯಾಯಿತು. ಅರಿಶಿನದ ದಾರವೊಂದನ್ನು ಬಾಲರಾಜುವಿನ ಕೈಗೆ ಕಟ್ಟಿಯೇಬಿಟ್ಟ. ಆಮೇಲೆ ಗುಡಿಯ ಮೈಕು ಕೈಗೆತ್ತಿಕೊಂಡ.

"ಆತ್ಮೀಯ ಭಕ್ತಾದಿಗಳೇ! ನಮ್ಮೂರಿನ ಬಾಲರಾಜುರವರು ತಮ್ಮ ಮಗಳು ಸಿರಿಯ ಹೆಸರಲ್ಲಿ ಮಾದಪ್ಪನ ಹರಕೆ ಹೊತ್ತಿರ್ತಾರೆ. ಕೂಸಿನ ಮೇಲೆ ಸ್ವಾಮಿ ಕಣ್ಣಿರಲಿ. ಉಘೇ ಮಾದಪ್ಪ!"

ಕೆಂಚಮ್ಮನ ಮನೆ ಕಡೆಯಿಂದ "ಉಘೇ ಉಘೇ" ಕೇಳಿಸಿತು.

ಮೈಕಿನ ಮಾತು ಬಾಲರಾಜುವಿಗಿಂತ ಮೊದಲು ಮನೆ ತಲುಪಿತ್ತು. ಭಾನುಪ್ರಿಯ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು.

"ಡಾಕ್ಟ್ರು ನಂತಾವ ಬರೀ ಕೆಮ್ಮು ಅಂದ್ರಲ್ರೀ. ನಿಮ್ತಾವ ಬ್ಯಾರೆ ಏನಾರ ಹೇಳವ್ರಾ? ಹೇಳ್ರೀ, ನಾನು ತಡ್ಕತೀನಿ!"

"ಏನೂ ಇಲ್ಲ ಕಣೇ. ನಾನು ಕಂಬ್ಳಿ ಕೇಳಕ್ಕೋದೆ."

"ಸುಳ್ಳು! ಮನೆ ಪೂಜೇಲಿ ಗಂಟೆ ಹೊಡಿ ಅಂದ್ರೆ ಆಕಳಿಸೋ ಗಂಡಸು ನೀವು. ಸುಮ್ ಸುಮ್ನೆ ಹರಕೆ ಹೊರ್ತೀರಾ?"

ಮಾತಿನಲ್ಲಿ ನ್ಯಾಯವಿತ್ತು. ಅಷ್ಟರಲ್ಲಿ ಕೆಂಚಮ್ಮನನ್ನು ಮುಂದಿಟ್ಟುಕೊಂಡು ಬೀದಿಯ ಹೆಂಗಸರೆಲ್ಲ ಬಂದರು. ಒಬ್ಬಳ ಕೈಯಲ್ಲಿ ದೊಡ್ಡಪತ್ರೆ, ಇನ್ನೊಬ್ಬಳ ಕೈಯಲ್ಲಿ ಸಾಂಬ್ರಾಣಿ. ರೋಗಿ ಎಲ್ಲಿ ಎಂದು ನೋಡಿದರೆ ಸಿರಿ ಬಲೆಯನ್ನು ಹೆಗಲಿಗೆ ಕಟ್ಟಿಕೊಂಡು ಕೋಳಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು.

"ಪಾಪ, ಎಷ್ಟು ಕುಣೀತದೆ ನೋಡು," ಎಂದಳು ಒಬ್ಬಳು ಕಣ್ಣೊರೆಸಿಕೊಂಡು.

"ಕುಣಿಯದು ಒಳ್ಳೇದಲ್ವಾ ಅವ್ವ?" ಎಂದ ಬಾಲರಾಜು.

"ಇಷ್ಟು ಕುಣಿಯದು ಒಳ್ಳೇದಲ್ಲ," ಎಂದಳು ಕೆಂಚಮ್ಮ. ಎಲ್ಲರೂ ತಲೆಯಾಡಿಸಿದರು.

ಸಿರಿ ನಿಂತು, ಇಷ್ಟು ಜನ ತನ್ನನ್ನೇ ನೋಡುತ್ತಿರುವುದನ್ನು ಕಂಡು, ಖುಷಿಗೆ ಒಂದು ಸಲ ಕೆಮ್ಮಿದಳು. ಅಂಗಳದ ತುಂಬ "ಅಯ್ಯೋ ಕಂದ" ಎಂಬ ಉದ್ಗಾರ. ಆ ಮೆಚ್ಚುಗೆ ಅವಳಿಗೆ ಹಿಡಿಸಿತು. ಮತ್ತೆ ಮತ್ತೆ ಕೆಮ್ಮಿದಳು.

ಬೋರಲಿಂಗಯ್ಯ ಬಸ್ಸುಗಳನ್ನು ಬದಲಿಸುತ್ತ ಬದಲಿಸುತ್ತ ಸಾತನೂರಿಗೆ ಬಂದಿಳಿದಾಗ ನಡುಮಧ್ಯಾಹ್ನ. ಟೀ ಅಂಗಡಿಯಲ್ಲಿ ನಮ್ಮೂರಿನ ಬಸ್ಸು ಎಷ್ಟೊತ್ತಿಗೆಂದು ಕೇಳಿದ್ದೇ ತಡ, ಅಲ್ಲಿದ್ದವರು, "ಓ, ಮಗೀಗೆ ತುಂಬ ಹುಷಾರಿಲ್ದೆ ಅಪ್ಪ ಹರಕೆ ಹೊತ್ತವ್ನಲ್ಲ, ಅವ್ರ ಮನೆಗಾ?" ಎಂದರಂತೆ. ಪುಣ್ಯಾತ್ಮ ಟೀ ಅಲ್ಲೇ ಬಿಟ್ಟು ಆಟೋ ಹತ್ತಿ, ದಾರಿಯುದ್ದಕ್ಕೂ ಅತ್ತುಕೊಂಡು ಬಂದರು. ಅಂಗಳಕ್ಕೆ ಇಳಿದವರ ಪಂಚೆಯನ್ನು ಸಿರಿಯೇ ಬಂದು ಎಳೆದು, "ತಾತ, ಕೋಳಿ ಹಿಡ್ಕೊಡು," ಎಂದಳು.

ಬೋರಲಿಂಗಯ್ಯ ಕೂಸನ್ನು ಎತ್ತಿ ಹಣೆ ಮುಟ್ಟಿದರು, ಹೊಟ್ಟೆ ಮುಟ್ಟಿದರು, ನಾಲಿಗೆ ನೋಡಿದರು. ಸಮಾಧಾನವಾದ ಮೇಲೆ ಸಿಟ್ಟು ಬಂತು.

"ಏನ್ರೀ ಅಳಿಯಂದ್ರೆ ಇದು? ನಾನು ದಾರೀಲೇ ಹೋಗ್ಬುಡ್ತಿದ್ದೆ! ಆಯ್ತು, ರಾತ್ರಿ ಇರೋದೂ ಬ್ಯಾಡ. ಭಾನು, ಮಗೀನ್ ಬಟ್ಟೆ ಕಟ್ಟವ್ವ. ಈಗ್ಲೇ ಹೊರಡ್ತೀನಿ."

ಆಗ ಬಾಗಿಲ ಹತ್ತಿರದಿಂದ, ಕೂಸನ್ನು ನೋಡಲು ಬಂದಿದ್ದ ಮುನಿಶಾಮಯ್ಯನ ದನಿ ಕೇಳಿಸಿತು.

"ಯಜಮಾನ್ರೇ, ಒಸಿ ತಡೀರಿ. ಮಗೀನ್ ಹೆಸರಲ್ಲಿ ಹರಕೆ ಐತೆ. ಅದು ತೀರೋಗಂಟ ಮಗ ಊರ ಗಡಿ ಆಚೆ ರಾತ್ರಿ ಕಳೀಬಾರ್ದು. ನೀವು ತಿಳಿದೋರು."

ಬೋರಲಿಂಗಯ್ಯ ವಯಸ್ಸಿನಲ್ಲಿದ್ದಾಗ ವರ್ಷ ವರ್ಷವೂ ಬೆಟ್ಟಕ್ಕೆ ನಡೆದವರು. ಮಾದಪ್ಪನ ಮಾತಿಗೆ ಎದುರಾಡುವವರಲ್ಲ. ಬಾಲರಾಜು ತನ್ನೊಳಗೇ, ಇರಲಿ ಬಿಡು, ನಿಜ ಹೇಳುವುದು ಯಾವತ್ತಾದರೂ ಹೇಳಬಹುದು ಎಂದುಕೊಂಡ. ಅದು ಅವನ ಮುಖದ ಮೇಲೆ ಕಂಡಿರಬೇಕು. ಮಾವ ಅವನನ್ನೇ ದಿಟ್ಟಿಸಿ ನೋಡಿದರು.

"ಸರಿ. ನೇಮ ಅಂದ್ರೆ ನೇಮ. ಆದ್ರೆ ಪೂರಾ ನೇಮ ನಡೀಬೇಕು. ಇವತ್ತು ರಾತ್ರಿ ನಾನಿಲ್ಲೇ ಇರ್ತೀನಿ. ಅಳಿಯಂದ್ರು ನೆಲದ್ ಮ್ಯಾಲೆ ಮಲಗ್ಲಿ, ನಾನು ನೋಡ್ತೀನಿ. ಮಗ ಚಳೀಗೆ ನಡುಗ್ತು ಅಂದ್ರೆ ಮಾತ್ರ, ನಾನೇ ಹೋಗಿ ಗುಡೀಲಿ ತಪ್ಪು ಕಾಣ್ಕೆ ಕಟ್ಟಿ ಕರ್ಕೊಂಡೋಗ್ತೀನಿ. ಅದಕ್ಕೂ ದಾರಿ ಐತೆ. ಅಲ್ವಾ ಮುನಿಶಾಮಣ್ಣ?"

"ಐತೆ," ಎಂದ ಮುನಿಶಾಮಯ್ಯ. ಹರಕೆಯ ವಿಷಯದಲ್ಲಿ ಅವನು ಪಕ್ಷಪಾತಿಯಲ್ಲ.

ಆ ರಾತ್ರಿ ಒಂದೇ ಕೋಣೆಯಲ್ಲಿ ಎಲ್ಲರೂ ಮಲಗಿದರು. ಮಂಚದ ಮೇಲೆ ತಾಯಿ ಮಗಳು. ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ನ್ಯಾಯಾಧೀಶರ ಹಾಗೆ ಬೋರಲಿಂಗಯ್ಯ. ಕೆಳಗೆ ಚಿಕ್ಕಬೀರಯ್ಯನ ಕಂಬಳಿಯ ಮೇಲೆ ಬಾಲರಾಜು, ಮೈಮೇಲೆ ಮಾದಪ್ಪನ ಹೆಸರು ಬಿಟ್ಟು ಬೇರೇನೂ ಇಲ್ಲದೆ.

"ಹತ್ತು ಕಂಬ್ಳೀಲಿ ಕಾಣ್ತಾ ಇರೋದು ಒಂದೇಯ," ಎಂದು ಗೊಣಗುತ್ತ ತಾತ ಮೊದಲು ದುಪ್ಪಟಿ ಹೊದಿಸಿದರು. ಸಿರಿ ಒದ್ದಳು. ಮತ್ತೆ ಹೊದಿಸಿದರು. ಮತ್ತೆ ಒದ್ದಳು. "ಯಾರ ಬುದ್ಧಿ ಇದು?" ಎಂದು ಮಗಳನ್ನು ಕೇಳಿದರು. "ನಿಮ್ದೇ ಅಪ್ಪಾಜಿ," ಎಂದಳು ಭಾನುಪ್ರಿಯ, ಕಣ್ಣು ಬಿಡದೆ. ಸೋಲೂರಿನಿಂದ ತಂದಿದ್ದ ಹೊಸ ಸ್ವೆಟರನ್ನು ತೊಡಿಸಲು ಹೋಗಿ ತಾತನ ಕನ್ನಡಕ ಕೆಳಗೆ ಬಿತ್ತು. ಕೊನೆಗೆ ತಾತ ಸೋತು ಕುರ್ಚಿಗೆ ಒರಗಿದರು. ಕೂಸು ಬಲೆಯಡಿಯಲ್ಲಿ ಬರಿಗೈ ಬರಿಗಾಲಲ್ಲಿ ಮಲಗಿತ್ತು. ಕಾಲ ಬೆರಳು ಮುಟ್ಟಿ ನೋಡಿದರೆ ತಣ್ಣಗೆ. ಬೋರಲಿಂಗಯ್ಯ ಅಳಿಯನ ಕಡೆ ನೋಡಿದರು. ಏನೂ ಹೇಳದಿದ್ದರೂ ಬಾಲರಾಜುವಿಗೆ ಕೇಳಿಸಿತು. ನಾಳೆ ಎರಡು ಟಿಕೆಟ್ಟು.

ಅವನು ನೆಲದ ಮೇಲೆ ಮುದುಡಿಕೊಂಡ. ಚಳಿಯೋ, ದುಃಖವೋ, ಹಲ್ಲು ಕಟಕಟ ಎನ್ನತೊಡಗಿತು. ಅವನಿಗೆ ಆಗ ದೇವರ ಮೇಲೂ ಕೋಪವಿರಲಿಲ್ಲ. ಕೋಪ ಮಾಡಿಕೊಳ್ಳುವಷ್ಟು ತ್ರಾಣವಿರಲಿಲ್ಲ. "ನಿನ್ ಹೆಸರು ಸುಮ್ನೆ ತಗಂಡೆ ಸ್ವಾಮಿ, ತಪ್ಪಾಯ್ತು. ಕೂಸು ನನ್ತಾವ ಇರ್ಲಿ," ಎಂದು ಗೋಡೆಯ ಕಡೆ ತಿರುಗಿ ಪಿಸುಗುಟ್ಟಿದ.

ಹಲ್ಲಿನ ಸದ್ದಿಗೆ ಮಂಚದ ಮೇಲೆ ಸಿರಿ ಎದ್ದು ಕೂತಳು. ಅಂಚಿನಿಂದ ಕೆಳಗೆ ಇಣುಕಿ ನೋಡಿದಳು. ಅಪ್ಪ ನಡುಗುತ್ತಿದ್ದಾನೆ, ಮೈಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಹೊಟ್ಟೆ ಅಡಿ ಮಾಡಿಕೊಂಡು ಮಂಚದಿಂದ ಜಾರಿ ಇಳಿದು, ಯಾರಿಗೂ ಮುಟ್ಟಲು ಬಿಡದ ತನ್ನ ಬಲೆಯನ್ನು ಎರಡು ಕೈಯಲ್ಲಿ ಬಿಡಿಸಿ ಅಪ್ಪನ ಮೇಲೆ ಹೊದಿಸಿದಳು. ಅವನ ಕುತ್ತಿಗೆಯವರೆಗೂ ಎಳೆದಳು. "ಜೋ ಜೋ," ಎಂದಳು.

ಆಮೇಲೆ ತೊಂದರೆ ಶುರುವಾಯಿತು. ಬಲೆ ಅಪ್ಪನಿಗೆ ಕೊಟ್ಟಾಯಿತು. ಬಲೆ ಇಲ್ಲದೆ ತನಗೆ ನಿದ್ದೆ ಬರುವುದಿಲ್ಲ. ಅವಳು ನಿಂತುಕೊಂಡೇ ಎರಡು ಸಲ ತೂಕಡಿಸಿ, ಇದ್ದ ಒಂದೇ ದಾರಿ ಹಿಡಿದಳು. ಬಲೆಯ ಕೆಳಗೆ ನುಸುಳಿ, ಅಪ್ಪನ ಎದೆಯ ಮೇಲೆ ಕಪ್ಪೆಯಂತೆ ಬೋರಲು ಮಲಗಿಬಿಟ್ಟಳು.

ಕುರ್ಚಿಯಲ್ಲಿ ಬೋರಲಿಂಗಯ್ಯ ನಿದ್ದೆ ಮಾಡಿರಲಿಲ್ಲ. ಬಹಳ ಹೊತ್ತು ನೋಡುತ್ತ ಕೂತಿದ್ದರು. ಕೂಸಿನ ಉಸಿರು ಗಟ್ಟಿಯಾದ ಮೇಲೆ ಮೆಲ್ಲಗೆ ಎದ್ದು, ತಮ್ಮ ಶಾಲು ತೆಗೆದು ಇಬ್ಬರ ಮೇಲೂ ಹಾಕಿದರು. ಹರಕೆಯವನಿಗೆ ಹೊದಿಸಬಾರದೆಂಬ ನೇಮ ನೆನಪಾಗಿ ಒಂದು ಗಳಿಗೆ ಕೈ ತಡೆಯಿತು. "ಮಗೀಗ್ ಹೊದಿಸ್ತಾ ಇದೀನಿ ಸ್ವಾಮಿ. ಅವ್ನು ಕೆಳ್ಗಡೆ ಸಿಗಾಕ್ಕಂಡವ್ನೆ," ಎಂದು ಸಮಜಾಯಿಷಿ ಹೇಳಿ, ಅಂಚು ಸರಿಮಾಡಿದರು. ಶಾಲಿಗೂ ಕೂಸಿಗೂ ನಡುವೆ ಬಲೆ ಇತ್ತು. ಸಿರಿ ಒದೆಯಲಿಲ್ಲ.

ಬಾಲರಾಜು ಎಚ್ಚರವಾಗಿಯೇ ಇದ್ದ. ಮಗ್ಗಲು ಬದಲಿಸಲಾಗದು, ಕೆಮ್ಮಲಾಗದು, ಹುಳದ ಮನೆಯ ಒಲೆಗೆ ಇದ್ದಿಲು ಹಾಕಲು ಏಳಲಾಗದು. ಕೊನೆಗೆ ಭಾನುಪ್ರಿಯಳೇ ಎದ್ದು ಹೋಗಿ ಹಾಕಿ ಬಂದಳು.

ಬೆಳಗ್ಗೆ ಬೋರಲಿಂಗಯ್ಯ ಮೊಮ್ಮಗಳ ಕಾಲು ಮುಟ್ಟಿ ನೋಡಿದರು. ಈಗ ಒಲೆಯಿಂದ ತೆಗೆದ ರೊಟ್ಟಿಯ ಹಾಗಿತ್ತು. ಚೀಲ ಎತ್ತಿಕೊಂಡರು. ಬಾಲರಾಜು ಬಸ್ಸಿನವರೆಗೆ ಕಳಿಸಲು ಹೋದ. ಕೆನ್ನೆಯ ಮೇಲೆ ಬಲೆಯ ಚೌಕ ಚೌಕ ಗುರುತು, ಸೊಂಟ ಒಂದು ಕಡೆಗೆ ವಾಲಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ಕೈ ಮುಗಿದು ದಾರಿ ಬಿಟ್ಟರು. ಬಸ್ಸು ಕಂಡಾಗ ಅವನಿಗೆ ತಡೆಯಲಾಗಲಿಲ್ಲ.

"ಮಾವ, ಒಂದ್ ಮಾತು. ನಾನು ಆ ಹರಕೆ ಹೊತ್ತೇ ಇರ್ಲಿಲ್ಲ."

"ನೆನ್ನೆ ಮಧ್ಯಾನ್ನಾನೇ ಗೊತ್ತಾಯ್ತು ಬುಡಿ."

"ಹಂಗಾರೆ ಗುಡಿಗೋಗಿ ಹೇಳ್ಬುಟ್ಟು, ಇವತ್ತಿಂದ ಮಂಚದ ಮ್ಯಾಲೆ..."

ಬೋರಲಿಂಗಯ್ಯ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ, ಅಳಿಯನ ಕೈಯ ಅರಿಶಿನದ ದಾರವನ್ನು ಗಂಟು ಬಿಗಿಯಾಗಿದೆಯೇ ಎಂದು ಒಂದು ಸಲ ಎಳೆದು ನೋಡಿದರು.

"ನೀವು ಹೊರದಿದ್ರೆ ಏನಂತೆ, ಈಗ ನಾನು ಹೊರ್ಸಿವ್ನಿ. ಚಳಿ ಕಳಿಯೋಗಂಟ ನೆಲ ಬುಟ್ಟು ಎದ್ದೀರಾ, ಜ್ವಾಕೆ!"

ಬಸ್ಸು ಹೊರಟಿತು. ಬಾಲರಾಜು ಅದು ಎಬ್ಬಿಸಿದ ಧೂಳಿಗೆ ಕೈ ಮುಗಿದ. ಮುಗಿದ ಕೈ ಹಾಗೆಯೇ ಇತ್ತು. ಡೈರಿಗೆ ಹೊರಟಿದ್ದ ಕೆಂಚಮ್ಮ, ಬಾಲರಾಜು ನಿಂತಲ್ಲೇ ಧ್ಯಾನಕ್ಕಿಳಿದಿದ್ದಾನೆಂದು ತಿಳಿದು, ಹಿಂದೆ ಬರುವವರಿಗೆಲ್ಲ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದಳು. ಅವನು ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.